ಕ್ಯೂಎಂಎಲ್: ಓಡುತ್ತಿರುವ ಆನಿಮೇಶನ್ನಿನ ಅವಧಿಯನ್ನು ನಡುವೆ ಬದಲಿಸಿದರೆ ಏಕೆ ಲೆಕ್ಕಕ್ಕೆ ಬರುವುದಿಲ್ಲ?

ನೀರ್ಗಂಟಿ:

ಪಂಪ್‌ಹೌಸ್ ಒಂದರ ನಿಯಂತ್ರಣ ಫಲಕಕ್ಕಾಗಿ ಕ್ಯೂಟ್ ಕ್ವಿಕ್‌ನಲ್ಲಿ (ಕ್ಯೂಎಂಎಲ್ ಭಾಷೆಯಲ್ಲಿ ಪರದೆಗಳನ್ನು ಬರೆಯುವ ತಂತ್ರಾಂಶ ಚೌಕಟ್ಟು) ಪರದೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಆರು ಅಲಗುಗಳ ಪಂಪಿನ ಚಕ್ರದ ಚಿತ್ರವೊಂದಿದ್ದು, ಯಂತ್ರ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆಯೋ ಅದಕ್ಕೆ ತಕ್ಕಂತೆ ಆ ಚಿತ್ರವೂ ತಿರುಗಬೇಕು. ಚಿತ್ರದ ರೊಟೇಶನ್ ಪ್ರಾಪರ್ಟಿಗೆ ಒಂದು ನಂಬರ್‌ಆನಿಮೇಶನ್ ಕೊಟ್ಟು, ಫ್ರಮ್ 0, ಟು 360, ಲೂಪ್ಸ್ ಇನ್ಫಿನಿಟ್ ಎಂದು ಬರೆದು, ಡ್ಯೂರೇಶನ್‌ಗೆ 60000 ಅನ್ನು ಸುತ್ತುಗಳ ಸಂಖ್ಯೆಯಿಂದ ಭಾಗಿಸುವ ಬೈಂಡಿಂಗ್ (ಮೂಲ ಬೆಲೆ ಬದಲಾದಾಗ ತಾನಾಗಿಯೇ ಮರುಲೆಕ್ಕವಾಗುವ ಸೂತ್ರ) ಹಾಕಿದ್ದೇನೆ. ಮೊದಲ ಬಾರಿ ಚಾಲನೆಯಾದಾಗ ಎಲ್ಲವೂ ಸರಿಯಾಗಿಯೇ ಇರುತ್ತದೆ. ಆದರೆ ಯಂತ್ರದ ವೇಗ ಬದಲಾದ ಮೇಲೂ ಚಕ್ರ ಹಳೆಯ ವೇಗದಲ್ಲಿಯೇ ತಿರುಗುತ್ತಿರುತ್ತದೆ. ಡ್ಯೂರೇಶನ್ನಿನ ಬೆಲೆಯನ್ನು ಕನ್ಸೋಲಿನಲ್ಲಿ ಮುದ್ರಿಸಿ ನೋಡಿದರೆ ಅದು ಹೊಸದೇ ಆಗಿರುತ್ತದೆ. ಮುಂದಿನ ಸುತ್ತಿನಿಂದಲಾದರೂ ಹೊಸ ಅವಧಿ ಅನ್ವಯವಾದೀತೆಂದು ಕಾದರೆ ಅದೂ ಆಗುವುದಿಲ್ಲ.

ಡ್ಯೂರೇಶನ್ ಬದಲಾದಾಗಲೆಲ್ಲ ರೀಸ್ಟಾರ್ಟ್ ಕರೆದರೆ ಹೊಸ ವೇಗ ಬರುತ್ತದೆ, ಆದರೆ ಚಕ್ರ ಪ್ರತಿ ಸಲವೂ ಸೊನ್ನೆ ಡಿಗ್ರಿಗೆ ಹಾರುತ್ತದೆ. ಪಂಪು ನಿಧಾನವಾಗಿ ಚಾಲನೆಗೊಳ್ಳುವಾಗ, ಉದಾಹರಣೆಗೆ ನಿಮಿಷಕ್ಕೆ 30 ಸುತ್ತಿನಲ್ಲಿದ್ದಾಗ, ಒಂದು ಸುತ್ತಿಗೆ 2 ಸೆಕೆಂಡು ಬೇಕು. ಯಂತ್ರದಿಂದ ಮಾಹಿತಿ ಅರ್ಧ ಸೆಕೆಂಡಿಗೊಮ್ಮೆ ಬರುವುದರಿಂದ ಚಕ್ರ 90 ಡಿಗ್ರಿಯನ್ನು ದಾಟುವುದೇ ಇಲ್ಲ.

ಇದೇ ಪರದೆಯಲ್ಲಿ ಒತ್ತಡದ ಮಾಪಕವೊಂದೂ ಇದೆ. ಅದರ ಮುಳ್ಳಿಗೆ ಬಿಹೇವಿಯರ್ (ಬೆಲೆ ಬದಲಾದಾಗಲೆಲ್ಲ ಆನಿಮೇಶನ್ ಓಡಿಸುವ ವಸ್ತು) ಒಳಗೆ 400 ಮಿಲಿಸೆಕೆಂಡಿನ ನಂಬರ್‌ಆನಿಮೇಶನ್, ಇನ್‌ಔಟ್‌ಕ್ವಾಡ್ ಈಸಿಂಗ್ (ಚಲನೆಯ ವೇಗ ಏರಿಳಿಯುವ ಬಗೆ) ಕೊಟ್ಟಿದ್ದೇನೆ. ಒತ್ತಡದ ಬೆಲೆ 100 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ. ಮುಳ್ಳು ಸದಾ ಹಿಂದೆ ಬಿದ್ದಿರುತ್ತದೆ, ತಡವರಿಸಿದಂತೆ ಚಲಿಸುತ್ತದೆ. ಈಗಿನ ಸಾಧನದಲ್ಲಿ ಕ್ಯೂಟ್ 5.15 ಇದೆ, ಮುಂದಿನ ಸಾಧನಕ್ಕೆ 6.5 ಬರಲಿದೆ. ಬೈಂಡಿಂಗ್ ಎಂದ ಮೇಲೆ ಬೆಲೆ ಬದಲಾದರೆ ಫಲವೂ ಬದಲಾಗಬೇಕಲ್ಲವೇ? ಇಲ್ಲಿ ಮಾತ್ರ ಏಕೆ ಹಾಗಾಗುವುದಿಲ್ಲ?

ಗಾಣದೆತ್ತು:

ಬೈಂಡಿಂಗ್ ತನ್ನ ಕೆಲಸವನ್ನು ಮಾಡಿದೆ. ನೀವು ಕನ್ಸೋಲಿನಲ್ಲಿ ಕಂಡ ಹೊಸ ಬೆಲೆಯೇ ಅದಕ್ಕೆ ಸಾಕ್ಷಿ. ನೀವು ಕ್ಯೂಎಂಎಲ್‌ನಲ್ಲಿ ಬರೆಯುವ ನಂಬರ್‌ಆನಿಮೇಶನ್ ವಸ್ತು ಚಲನೆಯ ವಿವರಣೆ ಮಾತ್ರವಾಗಿದ್ದು, ಚಲನೆಯನ್ನು ನಡೆಸುವುದು ಬೇರೆಯೇ ಒಂದು ಒಳವಸ್ತು. ಸ್ಟಾರ್ಟ್ ಆದ ಕ್ಷಣದಲ್ಲಿ ಎಂಜಿನ್ ಆ ವಿವರಣೆಯಿಂದ ಅವಧಿ, ಈಸಿಂಗ್, ಸುತ್ತುಗಳ ಸಂಖ್ಯೆ, ಆರಂಭ ಮತ್ತು ಅಂತ್ಯದ ಬೆಲೆಗಳನ್ನು ನಕಲು ಮಾಡಿಕೊಂಡು ಒಂದು ಆನಿಮೇಶನ್ ಜಾಬ್ ಅನ್ನು ಸೃಷ್ಟಿಸುತ್ತದೆ, ಮತ್ತು ಅಲ್ಲಿಂದಾಚೆಗೆ ಪ್ರತಿ ಫ್ರೇಮಿನಲ್ಲಿ ನಡೆಯುವುದು ಆ ಜಾಬ್ ಮಾತ್ರ. ಆಮೇಲೆ ಡ್ಯೂರೇಶನ್ ಬದಲಿಸುವುದು, ಅಂಚೆಗೆ ಹಾಕಿದ ಪತ್ರದ ಕರಡನ್ನು ಮನೆಯಲ್ಲಿ ಕುಳಿತು ತಿದ್ದಿದಂತೆ. ಲೂಪ್ಸ್ ಕೂಡ ಅದೇ ಜಾಬ್‌ನ ಒಳಗಿನ ಎಣಿಕೆಯಾದುದರಿಂದ ಮುಂದಿನ ಸುತ್ತಿಗೂ ಹೊಸ ಅವಧಿ ತಲುಪುವುದಿಲ್ಲ.

ಇದನ್ನು ದೋಷವೆಂದು ಕರೆಯಲು ನನಗೆ ಮನಸ್ಸಿಲ್ಲ. 1000 ಮಿಲಿಸೆಕೆಂಡಿನ ಆನಿಮೇಶನ್ 600ನೆಯ ಮಿಲಿಸೆಕೆಂಡಿನಲ್ಲಿರುವಾಗ ಅವಧಿಯನ್ನು 500ಕ್ಕೆ ಇಳಿಸಿದರೆ ಏನಾಗಬೇಕು? ಕಳೆದ ಕಾಲವನ್ನು ಹಿಡಿದು ನೋಡಿದರೆ ಆನಿಮೇಶನ್ ಆಗಲೇ ಮುಗಿದಿದೆ, ಮುಗಿಸಲು ಹೋದರೆ ಚಿತ್ರ ಹಾರುತ್ತದೆ. ಕ್ರಮಿಸಿದ ಭಾಗವನ್ನು ಹಿಡಿದು ನೋಡಿದರೆ ಶೇಕಡಾ 60ರಲ್ಲಿ ನಿಂತು ಉಳಿದ 40ನ್ನು 200 ಮಿಲಿಸೆಕೆಂಡಿನಲ್ಲಿ ಮುಗಿಸಬೇಕು. ಚಕ್ರಕ್ಕೆ ಎರಡನೆಯದು ಬೇಕು, ಗಡುವು ಎಣಿಸುವ ಪಟ್ಟಿಗೆ ಮೊದಲನೆಯದು ಬೇಕಾಗಬಹುದು. ಯಾವುದು ಬೇಕೆಂಬುದು ಬರೆಯುವವರಿಗೆ ಮಾತ್ರ ಗೊತ್ತು.

5.15ರಲ್ಲಿ ನಿಮ್ಮ ಚಕ್ರಕ್ಕೆ ಸುಲಭವಾದ ದಾರಿ ಇದೆ, ಏಕೆಂದರೆ 360 ಡಿಗ್ರಿ ಆಚೆಗಿನ ಕೋನ ನೋಟಕ್ಕೆ ಅದೇ ಕೋನ. ಫ್ರಮ್ ಅನ್ನು ಸೊನ್ನೆಯಲ್ಲಿ ಕಟ್ಟಿಹಾಕದೆ, ವೇಗ ಬದಲಾದಾಗ ಒಂದು ಫಂಕ್ಷನ್ನಿನಲ್ಲಿ ಈಗಿನ ರೊಟೇಶನ್ನನ್ನು ಓದಿ, 360ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ಫ್ರಮ್‌ಗೆ, ಅದಕ್ಕೆ 360 ಕೂಡಿಸಿದ್ದನ್ನು ಟುಗೆ, ಹೊಸ ಅವಧಿಯನ್ನು ಡ್ಯೂರೇಶನ್‌ಗೆ ಕೊಟ್ಟು, ಕೊನೆಗೆ ರೀಸ್ಟಾರ್ಟ್ ಕರೆಯಿರಿ. ಚಕ್ರ ಇದ್ದಲ್ಲಿಂದಲೇ ಹೊಸ ವೇಗದಲ್ಲಿ ಮುಂದುವರಿಯುತ್ತದೆ, ಮತ್ತು ಸುತ್ತು ಮುಗಿದು ಮತ್ತೆ ಆರಂಭದ ಕೋನಕ್ಕೆ ಬಂದಾಗ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಫ್ರಮ್ ಅನ್ನು ಸುಮ್ಮನೆ ಬಿಟ್ಟುಬಿಟ್ಟರೆ ಸಾಲದೇ ಎಂದು ಕೇಳಬಹುದು. ಬಿಟ್ಟರೆ ಎಂಜಿನ್ ಆಗಿನ ಕೋನವನ್ನೇ ಆರಂಭವೆಂದು ಓದಿಕೊಳ್ಳುತ್ತದೆ. ಟು 360ರಲ್ಲಿಯೇ ಉಳಿದರೆ 200 ಡಿಗ್ರಿಯಲ್ಲಿ ಮರುಚಾಲನೆಗೊಂಡ ಚಕ್ರ ಪೂರ್ಣ ಸುತ್ತಿನ ಬದಲು 200ರಿಂದ 360ರವರೆಗಿನ ತುಂಡನ್ನಷ್ಟೇ ಕ್ರಮಿಸುತ್ತದೆ.

ಕೆಲವು ಎಚ್ಚರಿಕೆಗಳು. ಫಂಕ್ಷನ್ನಿನಲ್ಲಿ ಡ್ಯೂರೇಶನ್‌ಗೆ ಬೆಲೆ ಕೊಟ್ಟೊಡನೆ ಅದರ ಮೇಲಿದ್ದ ಬೈಂಡಿಂಗ್ ಅಳಿದುಹೋಗುತ್ತದೆ, ಆದ್ದರಿಂದ ಅದನ್ನು ಮೊದಲೇ ತೆಗೆದುಬಿಡಿ. ವೇಗ ಸೊನ್ನೆಯಾದಾಗ ಭಾಗಾಕಾರದಿಂದ ಬರುವ ಅನಂತ ಬೆಲೆ ಪೂರ್ಣಾಂಕವಾದ ಡ್ಯೂರೇಶನ್‌ನಲ್ಲಿ ಹಿಡಿಸುವಂಥದ್ದಲ್ಲ. ಆಗ ಸ್ಟಾಪ್ ಕರೆದು ಹೊರಬನ್ನಿ. ಸ್ಟಾಪ್ ಇದ್ದ ಕೋನದಲ್ಲಿಯೇ ನಿಲ್ಲಿಸುತ್ತದೆ, ಕಂಪ್ಲೀಟ್ ಮಾತ್ರ ಕೊನೆಯ ಬೆಲೆಗೆ ಒಯ್ದು ನಿಲ್ಲಿಸುತ್ತದೆ. ಇನ್ನು, ಕಾರ್ಯಕ್ಷಮತೆಯ ಆಸೆಯಿಂದ ನಂಬರ್‌ಆನಿಮೇಶನ್ ಬದಲು ರೊಟೇಶನ್‌ಆನಿಮೇಟರ್ ಬಳಸಿದ್ದರೆ ಈ ಉಪಾಯ ಫಲಿಸುವುದಿಲ್ಲ. ಆನಿಮೇಟರ್ ವರ್ಗದವು ಚಿತ್ರ ಬರೆಯುವ ಪ್ರತ್ಯೇಕ ರೆಂಡರ್ ಥ್ರೆಡ್ಡಿನಲ್ಲಿ ಓಡುತ್ತವೆ, ಮತ್ತು ಕ್ಯೂಎಂಎಲ್ ಕಡೆಯ ಪ್ರಾಪರ್ಟಿಯ ಬೆಲೆ ಆನಿಮೇಶನ್ ಮುಗಿದ ಮೇಲಷ್ಟೇ ನವೀಕರಣಗೊಳ್ಳುತ್ತದೆ. ನಡುವೆ ಓದಿದರೆ ನಿಮಗೆ ಸಿಗುವುದು ಹಳೆಯ ಕೋನ.

ತಕ್ಕಡಿ:

ಚಕ್ರದ ವಿಷಯದಲ್ಲಿ ಮೇಲಿನ ಉತ್ತರ ಸಾಕು. ಮುಳ್ಳಿನ ತೊಂದರೆಯ ಸ್ವರೂಪವೇ ಬೇರೆ: ಅಲ್ಲಿ ಹೊಸ ಗುರಿ ಅನ್ವಯವಾಗುತ್ತಿದೆ, ಆದರೆ ಪ್ರತಿ ಬಾರಿಯೂ ನಿಂತ ನೆಲೆಯಿಂದ ಹೊರಡುತ್ತಿದೆ.

ಬಿಹೇವಿಯರ್ ಹೊಸ ಗುರಿಯನ್ನು ಕಂಡಾಗ ಹಳೆಯ ಆನಿಮೇಶನ್ನನ್ನು ನಿಲ್ಲಿಸಿ, ಈಗಿನ ಬೆಲೆಯಿಂದ ಹೊಸ ಗುರಿಯವರೆಗೆ ಪೂರ್ತಿ 400 ಮಿಲಿಸೆಕೆಂಡಿನ ಹೊಸ ಆನಿಮೇಶನ್ನನ್ನು ಆರಂಭಿಸುತ್ತದೆ. ಇನ್‌ಔಟ್‌ಕ್ವಾಡ್ ವಕ್ರರೇಖೆ ಸೊನ್ನೆ ವೇಗದಿಂದ ಹೊರಡುತ್ತದೆ. ಮೊದಲ ಅರ್ಧದಲ್ಲಿ ಅದು ಕ್ರಮಿಸುವ ಭಾಗ, ಕಾಲದ ಭಾಗದ ವರ್ಗದ ಎರಡು ಪಟ್ಟು. 400ರಲ್ಲಿ 100 ಮಿಲಿಸೆಕೆಂಡು ಎಂದರೆ ಕಾಲುಭಾಗ, ಅದರ ವರ್ಗದ ಎರಡು ಪಟ್ಟು ಎಂದರೆ 0.125. ಅಂದರೆ ಮುಳ್ಳು ದೂರದ ಎಂಟನೆಯ ಒಂದು ಪಾಲನ್ನು ಕ್ರಮಿಸಿ, ಇನ್ನೇನು ವೇಗ ಹಿಡಿಯಬೇಕೆನ್ನುವಷ್ಟರಲ್ಲಿ ಮುಂದಿನ ಬೆಲೆ ಬಂದು ಅದನ್ನು ಮತ್ತೆ ಸೊನ್ನೆ ವೇಗಕ್ಕೆ ಇಳಿಸುತ್ತದೆ. ಒತ್ತಡ ಒಂದು ಮಟ್ಟಕ್ಕೆ ಏರಿ ಅಲ್ಲಿಯೇ ಸಣ್ಣದಾಗಿ ಅಲುಗಾಡುತ್ತಿದೆ ಎಂದುಕೊಂಡರೂ, ನಾಲ್ಕು ಬೆಲೆಗಳ ನಂತರ ಉಳಿದ ದೂರ 0.875ರ ನಾಲ್ಕನೆಯ ಘಾತ, ಅಂದರೆ ಸುಮಾರು 0.59. ನೀವು ಕೊಟ್ಟ 400 ಮಿಲಿಸೆಕೆಂಡು ಕಳೆದಾಗ ಮುಳ್ಳು ಅರ್ಧ ದಾರಿಯನ್ನೂ ತಲುಪಿರುವುದಿಲ್ಲ. ಬೆಲೆ ಕಿಂಚಿತ್ತೂ ಬದಲಾಗದೆ ಅದೇ ಮತ್ತೆ ಬಂದರೆ ಬಿಹೇವಿಯರ್ ಓಡುತ್ತಿರುವ ಆನಿಮೇಶನ್ನನ್ನು ಕೆಡಿಸುವುದಿಲ್ಲ, ಆದರೆ ಸೆನ್ಸರಿನ ಕೊನೆಯ ದಶಮಾಂಶ ಹಾಗೆ ಸುಮ್ಮನಿರುವುದು ಅಪರೂಪ.

ಈಸಿಂಗ್ ಅನ್ನು ಔಟ್‌ಕ್ವಾಡ್ ಮಾಡಿದರೆ ಅದೇ 100 ಮಿಲಿಸೆಕೆಂಡಿನಲ್ಲಿ ಸುಮಾರು ಶೇಕಡಾ 44ರಷ್ಟು ದೂರ ಸಾಗುತ್ತದೆ. ಹಿಂದುಳಿಯುವುದು ಕಡಿಮೆಯಾಗುತ್ತದೆ, ಆದರೆ ಪ್ರತಿ ಬೆಲೆಗೂ ವೇಗ ಥಟ್ಟನೆ ಏರಿಳಿಯುವುದರಿಂದ ನಡುಕ ಹೋಗುವುದಿಲ್ಲ. ನಿಮಗೆ ಬೇಕಾದದ್ದು ಗುರಿ ಬದಲಾದಾಗ ಈಗಿನ ವೇಗವನ್ನು ಉಳಿಸಿಕೊಂಡು ಹೊಸ ದಾರಿಗೆ ಹೊರಳುವ ಆನಿಮೇಶನ್. ಸ್ಮೂತ್ಡ್‌ಆನಿಮೇಶನ್ ಇರುವುದೇ ಇದಕ್ಕಾಗಿ. ಬಿಹೇವಿಯರ್ ಒಳಗೆ ನಂಬರ್‌ಆನಿಮೇಶನ್ ಇದ್ದಲ್ಲಿ ಇದನ್ನು ಇಡಿ. ಇದರ ವೆಲಾಸಿಟಿ ಸೆಕೆಂಡಿಗೆ 200 ಏಕಮಾನ ಎಂದು ಪೂರ್ವನಿಯೋಜಿತವಾಗಿರುತ್ತದೆ. ನಿಮ್ಮ ಮುಳ್ಳು ಒಟ್ಟು 270 ಡಿಗ್ರಿ ಬೀಸುವುದಾದರೆ ತುದಿಯಿಂದ ತುದಿಗೆ ಹೋಗಲು 1.35 ಸೆಕೆಂಡು ಹಿಡಿಯುತ್ತದೆ, ಅದು ನಿಧಾನವೆನಿಸಿದರೆ ಏರಿಸಿ. ಡ್ಯೂರೇಶನ್ನನ್ನೂ ಕೊಟ್ಟರೆ ಎರಡರಲ್ಲಿ ಯಾವುದು ಕಡಿಮೆ ಕಾಲ ತೆಗೆದುಕೊಳ್ಳುತ್ತದೆಯೋ ಅದನ್ನು ಎಂಜಿನ್ ಆರಿಸಿಕೊಳ್ಳುತ್ತದೆ. ವೆಲಾಸಿಟಿಯ ಮಿತಿಯೇ ಬೇಡವೆಂದರೆ ಅದಕ್ಕೆ ಮೈನಸ್ 1 ಕೊಡಬೇಕು.

ನಿಮ್ಮ ಮೂಲಪ್ರಶ್ನೆಗೆ ಇಲ್ಲೊಂದು ಅಪವಾದವೂ ಸಿಗುತ್ತದೆ. ಸ್ಮೂತ್ಡ್‌ಆನಿಮೇಶನ್ನಿನ ವೆಲಾಸಿಟಿಯನ್ನು ಓಡುತ್ತಿರುವಾಗ ಬದಲಿಸಿದರೆ ಅದು ಚಾಲ್ತಿಯಲ್ಲಿರುವ ಜಾಬ್‌ಗೂ ಮುಟ್ಟುತ್ತದೆ. ಓಟದ ನಡುವೆ ಗುರಿ ಬದಲಾಗುವುದೇ ಅದರ ನಿತ್ಯದ ಸ್ಥಿತಿಯಾದ ಕಾರಣ ಹಾಗೆ ಕಟ್ಟಲಾಗಿದೆ.

ದಿಕ್ಕು ತಿರುಗುವಾಗ ಏನಾಗಬೇಕೆಂಬುದನ್ನು ರಿವರ್ಸಿಂಗ್‌ಮೋಡ್ ನಿರ್ಧರಿಸುತ್ತದೆ. ಈಸ್ಡ್ ಎಂದಿದ್ದರೆ ಮುಳ್ಳು ನಿಧಾನಗೊಂಡು ಹಿಂತಿರುಗುತ್ತದೆ, ಇಮ್ಮೀಡಿಯೆಟ್ ಎಂದಿದ್ದರೆ ಸೊನ್ನೆ ವೇಗದಿಂದ ತಕ್ಷಣ ಹಿಂತಿರುಗುತ್ತದೆ, ಸಿಂಕ್ ಎಂದಿದ್ದರೆ ನೇರವಾಗಿ ಗುರಿಗೆ ಹಾರುತ್ತದೆ. ಮಾಪಕಕ್ಕೆ ಪೂರ್ವನಿಯೋಜಿತವಾದ ಈಸ್ಡ್ ಸಾಕು. ಸ್ಪ್ರಿಂಗ್‌ಆನಿಮೇಶನ್ ಬಳಸಿರೆಂದು ಯಾರಾದರೂ ಹೇಳಿದರೆ ಈ ಪರದೆಯ ಮಟ್ಟಿಗೆ ನನ್ನ ಮತ ಬೇಡವೆಂದೇ. ಅದರ ಸೊಗಸೇ ಗುರಿಯನ್ನು ದಾಟಿ ಮರಳುವುದರಲ್ಲಿದೆ. ಒತ್ತಡ ಎಂದೂ ಮುಟ್ಟದ ಅಂಕಿಯನ್ನು ಮುಳ್ಳು ಅರೆಕ್ಷಣ ತೋರಿಸಿದರೆ ಕಾವಲಿನಲ್ಲಿರುವ ನೌಕರನಿಗೆ ಅದು ನಿಜವೆಂದೇ ಕಾಣುತ್ತದೆ.

ನೀರ್ಗಂಟಿ:

ಇಬ್ಬರಿಗೂ ಧನ್ಯವಾದಗಳು. ಮುಳ್ಳು ಈಗ ನಯವಾಗಿ ಚಲಿಸುತ್ತಿದೆ, ನಿಧಾನ ವೇಗದಲ್ಲಿ ಚಕ್ರವೂ ಹಾರುತ್ತಿಲ್ಲ. ಆದರೆ ವೇಗ ಏರುತ್ತ ಹೋದಂತೆ ಬೇರೊಂದು ವಿಚಿತ್ರ ಕಾಣಿಸಿಕೊಂಡಿದೆ: ನಿಮಿಷಕ್ಕೆ 600 ಸುತ್ತಿನ ಆಸುಪಾಸಿನಲ್ಲಿ ಚಕ್ರ ಸಂಪೂರ್ಣ ನಿಂತಂತೆ ಕಾಣುತ್ತದೆ, ಅದಕ್ಕೂ ಸ್ವಲ್ಪ ಮುಂಚೆ ಹಿಂದಕ್ಕೆ ತಿರುಗಿದಂತೆ ಕಾಣುತ್ತದೆ. ಮರುಚಾಲನೆಯಲ್ಲಿ ಏನೋ ತಪ್ಪುತ್ತಿರಬಹುದೇ? 6.5ರಲ್ಲಿ ಇದಕ್ಕಿಂತ ನೇರವಾದ ಮಾರ್ಗವಿದೆಯೇ? ಎಚ್ಚರಿಕೆಯ ದೀಪವೊಂದೂ ಇದೆ. ಅದು ಸೀಕ್ವೆನ್ಷಿಯಲ್‌ಆನಿಮೇಶನ್ (ಒಂದಾದ ಮೇಲೊಂದು ಓಡಿಸುವ ಗುಂಪು) ಒಳಗಿನ ಎರಡು ನಂಬರ್‌ಆನಿಮೇಶನ್‌ಗಳಿಂದ ಮಿನುಗುತ್ತದೆ, ತೀವ್ರತೆ ಹೆಚ್ಚಿದಾಗ ಬೇಗ ಮಿನುಗಬೇಕು. ಒಳಗಿನ ಒಂದನ್ನು ಮಾತ್ರ ಮರುಚಾಲನೆ ಮಾಡಲು ಹೋದರೆ ಎಂಜಿನ್ ಎಚ್ಚರಿಕೆಯ ಸಂದೇಶ ಕೊಡುತ್ತದೆ.

ಅರೆಸುತ್ತು:

ಚಕ್ರ ನಿಂತಂತೆ ಕಾಣುವುದಕ್ಕೂ ನಿಮ್ಮ ಮರುಚಾಲನೆಗೂ ಸಂಬಂಧವಿಲ್ಲ, ಅದು ಬರಿಯ ಗಣಿತ. ನಿಮಿಷಕ್ಕೆ 600 ಸುತ್ತು ಎಂದರೆ ಸೆಕೆಂಡಿಗೆ 3600 ಡಿಗ್ರಿ. ಪರದೆ ಸೆಕೆಂಡಿಗೆ 60 ಸಲ ಚಿತ್ರ ಬರೆಯುವುದಾದರೆ ಒಂದು ಫ್ರೇಮಿಗೆ 60 ಡಿಗ್ರಿ. ಆರು ಒಂದೇ ಬಗೆಯ ಅಲಗುಗಳ ಚಕ್ರ 60 ಡಿಗ್ರಿ ತಿರುಗಿದರೆ ಮೊದಲಿನಂತೆಯೇ ಕಾಣುತ್ತದೆ, ಆದ್ದರಿಂದ ಪ್ರತಿ ಫ್ರೇಮಿನಲ್ಲಿಯೂ ಅದೇ ಚಿತ್ರ. ಫ್ರೇಮಿಗೆ 30 ಡಿಗ್ರಿ, ಅಂದರೆ ನಿಮಿಷಕ್ಕೆ 300 ಸುತ್ತು ದಾಟಿದೊಡನೆ ಯಾವ ದಿಕ್ಕಿಗೆ ತಿರುಗುತ್ತಿದೆಯೆಂಬುದೇ ಕಣ್ಣಿಗೆ ತಿಳಿಯದಾಗಿ, ಹಿಮ್ಮುಖ ಚಲನೆಯ ಭ್ರಮೆ ಹುಟ್ಟುತ್ತದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ನೇರವಾಗಿ ಜೋಡಿಸಿದ ನಾಲ್ಕು ಧ್ರುವಗಳ ಇಂಡಕ್ಷನ್ ಮೋಟಾರು 1500ಕ್ಕೆ ಸ್ವಲ್ಪ ಕಡಿಮೆ ಸುತ್ತಿನಲ್ಲಿ ಓಡುತ್ತದೆ; ಆ ವೇಗವನ್ನು ಇದ್ದಂತೆಯೇ ತೋರಿಸಲು ಈ ಪರದೆಗೆ ಸಾಧ್ಯವಿಲ್ಲ. ತೋರಿಕೆಯ ವೇಗವನ್ನು ಇಪ್ಪತ್ತನೆಯ ಒಂದು ಪಾಲಿಗೆ ಇಳಿಸಿ. 1440 ಸುತ್ತು 72 ಆಗುತ್ತದೆ, ಫ್ರೇಮಿಗೆ 7.2 ಡಿಗ್ರಿ, ದಿಕ್ಕು ಸ್ಪಷ್ಟ, ಏರಿಳಿತವೂ ಸ್ಪಷ್ಟ. ನಿಖರವಾದ ಸಂಖ್ಯೆಯನ್ನು ಪಕ್ಕದಲ್ಲಿ ಅಂಕಿಯಾಗಿ ಬರೆಯಿರಿ.

ಇನ್ನು 6.5ರ ವಿಷಯ. 6.4ರಲ್ಲಿ ಫ್ರೇಮ್‌ಆನಿಮೇಶನ್ ಎಂಬ ವಸ್ತು ಬಂದಿದೆ. ಅದಕ್ಕೆ ಫ್ರಮ್, ಟು, ಡ್ಯೂರೇಶನ್ ಯಾವುದೂ ಇಲ್ಲ. ಆನಿಮೇಶನ್ ಫ್ರೇಮು ಮುಂದುವರಿದಾಗಲೆಲ್ಲ ಟ್ರಿಗರ್ಡ್ ಸಿಗ್ನಲ್ ಕೊಡುತ್ತದೆ, ಹಿಂದಿನ ಫ್ರೇಮಿನಿಂದ ಎಷ್ಟು ಸೆಕೆಂಡು ಕಳೆಯಿತೆಂಬುದನ್ನು ಫ್ರೇಮ್‌ಟೈಮ್‌ನಲ್ಲಿ ಹೇಳುತ್ತದೆ. ನೀವು ಮಾಡಬೇಕಾದದ್ದು ಇಷ್ಟೇ: ಈಗಿನ ಕೋನಕ್ಕೆ, ವೇಗವನ್ನು ಫ್ರೇಮ್‌ಟೈಮ್‌ನಿಂದ ಗುಣಿಸಿ ಕೂಡಿಸಿ, 360ರ ಶೇಷವನ್ನು ತೆಗೆದುಕೊಳ್ಳಿ. ನಿಮಿಷದ ಸುತ್ತುಗಳನ್ನು 6ರಿಂದ ಗುಣಿಸಿದರೆ ಸೆಕೆಂಡಿನ ಡಿಗ್ರಿಗಳು ಸಿಗುತ್ತವೆ. ವೇಗ ಯಾವ ಗಳಿಗೆಯಲ್ಲಿ ಬದಲಾದರೂ ಮುಂದಿನ ಫ್ರೇಮಿನಿಂದಲೇ ಅನ್ವಯವಾಗುತ್ತದೆ, ಏಕೆಂದರೆ ಇಲ್ಲಿ ನಕಲಾಗಿ ಕುಳಿತ ಅವಧಿಯೇ ಇಲ್ಲ. ಸಾಧನ ಆಗಾಗ ಒಂದೆರಡು ಫ್ರೇಮು ತಪ್ಪಿಸುವಂಥದ್ದಾಗಿದ್ದರೆ ಫ್ರೇಮ್‌ಟೈಮ್ ಬದಲು ಸ್ಮೂತ್‌ಫ್ರೇಮ್‌ಟೈಮ್ ಬಳಸಿ; ಅದು ಏರುಪೇರನ್ನು ಸರಾಸರಿಗೆ ಎಳೆಯುತ್ತದೆ.

ಇಲ್ಲಿ ಒಂದು ಹೊಂಡವಿದೆ. ಅದೇ ವಸ್ತುವಿನಲ್ಲಿ ಎಲಾಪ್ಸ್ಡ್‌ಟೈಮ್ ಎಂಬ ಪ್ರಾಪರ್ಟಿಯೂ ಇರುವುದರಿಂದ, ಕೋನವನ್ನು ಎಲಾಪ್ಸ್ಡ್‌ಟೈಮ್ ಗುಣಿಸು ವೇಗ ಎಂದು ಒಂದೇ ಸಾಲಿನ ಬೈಂಡಿಂಗ್ ಆಗಿ ಬರೆಯುವ ಆಸೆ ಹುಟ್ಟುತ್ತದೆ. ನೋಡಲು ಅದೇ ಹೆಚ್ಚು ಅಚ್ಚುಕಟ್ಟು. ವೇಗ ಸ್ಥಿರವಾಗಿದ್ದರೆ ಅದು ಸರಿಯೂ ಹೌದು. ಆದರೆ ಆರಂಭವಾಗಿ 100 ಸೆಕೆಂಡಾದ ಮೇಲೆ ವೇಗ ಸೆಕೆಂಡಿಗೆ 90 ಡಿಗ್ರಿಯಿಂದ 91ಕ್ಕೆ ಏರಿತೆನ್ನಿ: ಹೊಸ ವೇಗ ಕಳೆದ ನೂರು ಸೆಕೆಂಡುಗಳಿಗೂ ಹಿಂದಿನಿಂದ ಅನ್ವಯವಾಗಿ ಚಕ್ರ ಒಮ್ಮೆಲೇ 100 ಡಿಗ್ರಿ ಹಾರುತ್ತದೆ. ಪರದೆ ಹೆಚ್ಚು ಹೊತ್ತು ತೆರೆದಿದ್ದಷ್ಟೂ ಹಾರಾಟ ದೊಡ್ಡದಾಗುವುದರಿಂದ, ಮೇಜಿನ ಮೇಲಿನ ಪರೀಕ್ಷೆಯಲ್ಲಿ ಇದು ಕಣ್ಣಿಗೆ ಬೀಳದೆ ಹೋಗಬಹುದು. ಬದಲಾಗುವ ವೇಗವನ್ನು ಫ್ರೇಮಿನಿಂದ ಫ್ರೇಮಿಗೆ ಕೂಡಿಸುತ್ತ ಹೋಗಬೇಕು, ಒಟ್ಟು ಕಾಲದಿಂದ ಗುಣಿಸಬಾರದು.

ಅರ್ಧ ಸೆಕೆಂಡಿಗೊಮ್ಮೆ ಬರುವ ವೇಗ ಮೆಟ್ಟಿಲುಮೆಟ್ಟಿಲಾಗಿ ಏರುವುದು ಬೇಡವೆನಿಸಿದರೆ, ತೋರಿಕೆಯ ವೇಗವೆಂಬ ಇನ್ನೊಂದು ಪ್ರಾಪರ್ಟಿಯನ್ನು ಇಟ್ಟು, ತಕ್ಕಡಿಯವರು ಹೇಳಿದ ಸ್ಮೂತ್ಡ್‌ಆನಿಮೇಶನ್ನನ್ನು ಅದಕ್ಕೆ ಕೊಡಿ. ಆಗ ಆನಿಮೇಶನ್ ನಡೆಯುವುದು ಕೋನದ ಮೇಲಲ್ಲ, ವೇಗದ ಮೇಲೆ. ಸೆಕೆಂಡಿಗೆ 432 ಡಿಗ್ರಿಯ ತೋರಿಕೆಯ ವೇಗವನ್ನು ಸೊನ್ನೆಯಿಂದ ತಲುಪಲು ಪೂರ್ವನಿಯೋಜಿತ ವೆಲಾಸಿಟಿಯಲ್ಲಿ ಎರಡು ಸೆಕೆಂಡಿಗೆ ತುಸು ಹೆಚ್ಚು ಬೇಕು, ಪಂಪು ನಿಧಾನವಾಗಿ ವೇಗ ಪಡೆಯುವ ನೋಟಕ್ಕೆ ಅದು ಚೆನ್ನಾಗಿಯೇ ಒಪ್ಪುತ್ತದೆ.

ಗಾಣದೆತ್ತು:

ದೀಪದ ಬಗ್ಗೆ. ಗುಂಪಿನೊಳಗಿನ ಆನಿಮೇಶನ್ನಿಗೆ ಸ್ವಂತ ಓಟವಿರುವುದಿಲ್ಲ. ರನ್ನಿಂಗ್, ಸ್ಟಾರ್ಟ್, ರೀಸ್ಟಾರ್ಟ್ ಎಲ್ಲವೂ ಹೊರಗಿನ ಮೂಲ ಆನಿಮೇಶನ್ನಿಗೆ ಮಾತ್ರ ಸಲ್ಲುತ್ತವೆ, ನೀವು ಕಂಡ ಸಂದೇಶ ಅದನ್ನೇ ಹೇಳುತ್ತಿದೆ. ಒಳಗಿನವುಗಳ ಡ್ಯೂರೇಶನ್‌ಗೆ ಬೈಂಡಿಂಗ್ ಇರಲಿ, ಮರುಚಾಲನೆ ಹೊರಗಿನದಕ್ಕೆ ಆಗಲಿ.

ಮಿನುಗುವ ದೀಪಕ್ಕೆ ಚಕ್ರದಂತೆ ನಡುವಿನಿಂದ ಮುಂದುವರಿಯುವ ಅಗತ್ಯವಿಲ್ಲ, ಒಂದು ಮಿನುಗು ಮುಗಿದ ಗಡಿಯಲ್ಲಿ ಹೊಸ ಅವಧಿ ಬಂದರೆ ಸಾಕು. ಲೂಪ್ಸ್ ಇನ್ಫಿನಿಟ್ ಎಂಬುದನ್ನು ತೆಗೆದು ಒಂದೇ ಸುತ್ತು ಓಡಲು ಬಿಡಿ, ಮತ್ತು ಆನ್‌ಫಿನಿಶ್ಡ್‌ನಲ್ಲಿ, ದೀಪ ಇನ್ನೂ ಮಿನುಗಬೇಕಾಗಿದ್ದರೆ, ಮತ್ತೆ ಸ್ಟಾರ್ಟ್ ಕರೆಯಿರಿ. ಪ್ರತಿ ಸುತ್ತಿಗೂ ಹೊಸ ಜಾಬ್ ಹುಟ್ಟುವುದರಿಂದ ಆ ಹೊತ್ತಿನ ಡ್ಯೂರೇಶನ್ ತಾನಾಗಿಯೇ ಓದಲ್ಪಡುತ್ತದೆ. ಫಿನಿಶ್ಡ್ ಸಿಗ್ನಲ್ 5.12ರಿಂದ ಇದೆ, ನಿಮ್ಮ 5.15ರಲ್ಲಿಯೂ ನಡೆಯುತ್ತದೆ. ಸ್ಟಾಪ್ಡ್ ಅನ್ನು ಇದಕ್ಕೆ ಬಳಸಬೇಡಿ: ನೀವೇ ಸ್ಟಾಪ್ ಕರೆದಾಗಲೂ ಅದು ಬರುತ್ತದೆ, ಆರಿಸಿದ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ. ಫಿನಿಶ್ಡ್ ಸಹಜವಾಗಿ ಮುಗಿದಾಗ ಮಾತ್ರ ಬರುತ್ತದೆ.

ಆದರೂ ತೀವ್ರತೆ ಏರಿದಾಗ ನಾನು ಗಡಿಯವರೆಗೆ ಕಾಯುವುದಿಲ್ಲ, ತಕ್ಷಣ ಹೊರಗಿನದನ್ನು ರೀಸ್ಟಾರ್ಟ್ ಮಾಡುತ್ತೇನೆ. ಅಪಾಯದ ದೀಪ ಕೊಂಚ ಹಾರಿದರೂ ಅದು ಗಮನವನ್ನೇ ಸೆಳೆಯುತ್ತದೆ. ಇಳಿದಾಗ ಮಾತ್ರ ಸುತ್ತು ಮುಗಿಯಲಿ.

ತಕ್ಕಡಿ:

ಅರೆಸುತ್ತು ಅವರ ವಿಧಾನಕ್ಕೆ ಒಂದು ಸೇರ್ಪಡೆ. ಫ್ರೇಮ್‌ಆನಿಮೇಶನ್ ಓಡುತ್ತಿರುವಷ್ಟು ಕಾಲ ಪ್ರತಿ ಫ್ರೇಮಿನಲ್ಲಿ ನಿಮ್ಮ ಜಾವಾಸ್ಕ್ರಿಪ್ಟ್ ನಡೆಯುತ್ತದೆ, ಸಣ್ಣ ಪ್ರೊಸೆಸರಿನ ಫಲಕದಲ್ಲಿ ಅದು ಪುಕ್ಕಟೆಯಲ್ಲ. ಆದ್ದರಿಂದ ಅದರ ರನ್ನಿಂಗ್ ಪ್ರಾಪರ್ಟಿಗೆ ಚಕ್ರ ಕಾಣುತ್ತಿದೆ ಮತ್ತು ವೇಗ ಸೊನ್ನೆಯಲ್ಲ ಎಂಬ ಎರಡು ಷರತ್ತುಗಳ ಬೈಂಡಿಂಗ್ ಹಾಕಿ. ಇಲ್ಲಿ ವೇಗವೆಂದರೆ ಯಂತ್ರದಿಂದ ಬಂದ ಕಚ್ಚಾ ಬೆಲೆಯಾಗಬಾರದು, ನಯಗೊಳಿಸಿದ ತೋರಿಕೆಯ ವೇಗವಾಗಬೇಕು. ಕಚ್ಚಾ ಬೆಲೆಯನ್ನು ನೋಡಿದರೆ ಪಂಪು ನಿಂತ ಸುದ್ದಿ ಬಂದ ಕ್ಷಣದಲ್ಲಿಯೇ ಫ್ರೇಮ್‌ಆನಿಮೇಶನ್ ಕೈಬಿಡುತ್ತದೆ, ತೋರಿಕೆಯ ವೇಗ ಇನ್ನೂ ಇಳಿಯುತ್ತಿರುವಾಗಲೇ ಚಕ್ರ ಗಕ್ಕನೆ ನಿಲ್ಲುತ್ತದೆ. ಮತ್ತು ಎಲ್ಲಿಯೂ ಜಾವಾಸ್ಕ್ರಿಪ್ಟಿನಲ್ಲಿ ರನ್ನಿಂಗ್‌ಗೆ ನೇರವಾಗಿ ಬೆಲೆ ಕೊಡಬೇಡಿ, ಕೊಟ್ಟರೆ ಆ ಬೈಂಡಿಂಗೂ ಅಳಿದುಹೋಗುತ್ತದೆ.